ಎಣಿಸಿಟ್ಟ ಕರಿಬೇವು

ಇವತ್ತು ಬೆಳಿಗ್ಗೆ ಹತ್ತು ರೂಪಾಯಿ ಕೊಟ್ಟು ಕರಿಬೇವು ಕೊಂಡುಕೊಂಡೆ. ಅದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ನಮ್ಮನೆ ಕಾಂಪೌಂಡಿನೊಳಗೆ, ಅಡುಗೆಮನೆ ಬಾಗಿಲಿಂದ ಹನ್ನೆರಡೇ ಹೆಜ್ಜೆಗೆ, ನನಗಿಂತ ಎರಡಡಿ ಎತ್ತರದ ಕರಿಬೇವಿನ ಗಿಡ ಇದೆ. ಅದೇ ವಿಶೇಷ.

ನಮ್ಮ ಗಿಡ ಅಂದುಬಿಟ್ಟೆ, ತಪ್ಪು. ಗಿಡ ನಮ್ಮ ಯಜಮಾನರದು. ಮೂರು ವರ್ಷದ ಹಿಂದೆ ರಿಟೈರಾದರು. ಕುವೆಂಪುನಗರದಲ್ಲಿ ರಿಟೈರಾದ ಗಂಡಸರೆಲ್ಲ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತೋಕೆ ಹೋದರೆ ಇವರು ಗಿಡದ ಹುಚ್ಚಿಗೆ ಬಿದ್ದರು. ಆ ವರ್ಷ ದಸರಾ ಫಲಪುಷ್ಪ ಪ್ರದರ್ಶನ ನೋಡಿಬರ್ತೀನಿ ಅಂತ ಕುಪ್ಪಣ್ಣ ಪಾರ್ಕಿಗೆ ಹೋದವರು ವಾಪಸ್ ಬರುವಾಗ ಆಟೋ ತುಂಬ ಕುಂಡ. "ಇನ್ಮೇಲೆ ಒಗ್ಗರಣೆಗೆ ಬೇಕಾದ್ದೆಲ್ಲ ಮನೇದೇ ಕಣೇ. ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ಶುಂಠಿ, ಮೆಣಸು. ದೇವರಾಜ ಮಾರ್ಕೆಟ್ ಕಡೆ ತಲೆ ಹಾಕೋದೇ ಬೇಡ" ಅಂದರು. ನಾನೂ ನಂಬಿದೆ.

ಬೆಳೆಸೋದರಲ್ಲಿ ಇವರು ಎತ್ತಿದ ಕೈ, ಸುಳ್ಳು ಹೇಳಬಾರದು. ಕೀಳೋಕೆ ಮಾತ್ರ ಕೈ ಏಳಲ್ಲ.

ಕೊತ್ತಂಬರಿಯನ್ನೇ ತಗೊಳ್ಳಿ. ನಾವು ಬೀಜ ಅನ್ನುವ ಕಾಳು ನಿಜಕ್ಕೂ ಕಾಯಂತೆ, ಅದರೊಳಗೆ ಜೋಡಿ ಬೀಜ ಇರುತ್ತಂತೆ, ಹೋಳು ಮಾಡಿ ಬಿತ್ತಿದರೆ ಚೆನ್ನಾಗಿ ಹುಟ್ಟುತ್ತಂತೆ. ಹೋಳು ಮಾಡಿದ್ದು ನನ್ನ ಚಪಾತಿ ಲಟ್ಟಣಿಗೆಯಲ್ಲಿ. ಸಂಕ್ರಾಂತಿಗೆ ಬಿತ್ತಿದರು, ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಬಂತು. ಕೀಳಲಾ ಅಂದರೆ "ಈಗ ತಾನೇ ಕಣ್ಣು ಬಿಟ್ಟಿದೆ." ಶಿವರಾತ್ರಿಗೆ ಕೇಳಿದೆ, "ಇನ್ನೂ ಎಳಸು." ಅಷ್ಟರಲ್ಲಿ ಬಿಸಿಲು ಏರಿತು, ದಂಟು ಸರ್ರನೆ ಮೇಲಕ್ಕೆ ಹೋಗಿ ಎಲೆಯೆಲ್ಲ ಸಬ್ಬಸಿಗೆ ಥರ ಸಣ್ಣಗಾಗಿ ತುದಿಯಲ್ಲಿ ಬಿಳೀ ಹೂವು. "ಹೂ ಬಿಟ್ಟಿರೋದನ್ನ ಕಿತ್ತರೆ ಪಾಪ ಬರುತ್ತೆ ಕಣೇ." ಈಗ ಕಾಯಿ ಕಟ್ಟಿದೆ. ಅದು ಮುಂದಿನ ಬಿತ್ತನೆಗಂತೆ. ಮೂರು ವರ್ಷದಿಂದ ಇದೇ ಚಕ್ರ ತಿರುಗುತ್ತಿದೆ, ನಮ್ಮನೆ ಸಾರಿಗೆ ಒಂದೆಲೆ ಬಿದ್ದಿಲ್ಲ. ಲಟ್ಟಣಿಗೆ ಮಾತ್ರ ಘಮಘಮ ಅನ್ನುತ್ತೆ.

ಕುಂಡದ ಪೊದೆ ಮೆಣಸು ಹೋದ ವರ್ಷ ಮೂರು ತೆನೆ ಬಿಟ್ಟಿತು. 37 ಕಾಳು. ಎಣಿಸಿದ್ದು ನಾನಲ್ಲ. ಒಣಗಿಸಿ, ಖಾಲಿ ಕುಂಕುಮದ ಭರಣಿಗೆ ಹಾಕಿ, ಬೀರುವಿನಲ್ಲಿ ನನ್ನ ಓಲೆ ಬಳೆಗಳ ಪಕ್ಕ ಇಟ್ಟಿದ್ದಾರೆ. ಪೊಂಗಲ್ಲಿಗೆ ಇವತ್ತಿಗೂ ಅಂಗಡಿ ಮೆಣಸೇ. ಮಡಿಕೇರಿಯಿಂದ ತಂದ ಏಲಕ್ಕಿ ಗಿಡದ ವಿಷಯ ಎತ್ತೋದೇ ಬೇಡ. ಅಲ್ಲಿ ಸುರಿಯುವ ಮಳೆಯಲ್ಲಿ ಮೂರನೇ ಒಂದು ಪಾಲೂ ಮೈಸೂರಿಗಿಲ್ಲ, ಅದು ಬರೀ ಎಲೆ ಬೀಸಿಕೊಂಡು ಗೇಟಿನ ಕಡೆ ನೋಡುತ್ತಾ ನಿಂತಿದೆ, ಊರಿಗೆ ಬಸ್ ಯಾವಾಗ ಅನ್ನೋ ಹಾಗೆ.

ಕರಿಬೇವಿಗಂತೂ ಇವರೇ ಕಾವಲು. ಯಾವ ಕೊಂಬೆ ಚಿಗುರುತ್ತೋ ಅದಕ್ಕೆ ತಮ್ಮ ಹಳೇ ನೀಲಿ ಚೌಕಳಿ ಲುಂಗಿಯಿಂದ ಒಂದು ಪಟ್ಟಿ ಹರಿದು ಕಟ್ಟುತ್ತಾರೆ. ಪಟ್ಟಿ ಇದ್ದದ್ದನ್ನು ಮುಟ್ಟುವಂತಿಲ್ಲ. ಮೊದಲು ಎರಡು ಪಟ್ಟಿ ಇತ್ತು. ಈಗ ಇಡೀ ಲುಂಗಿ ಗಿಡದ ಮೇಲಿದೆ, ಹೊಸದಾಗಿ ನೋಡಿದವರು ಯಾವುದೋ ಹರಕೆ ಮರ ಅಂತ ಕೈ ಮುಗಿದರೂ ಆಶ್ಚರ್ಯವಿಲ್ಲ.

ಹೋದ ಗುರುವಾರ ಚಿತ್ರಾನ್ನಕ್ಕೆ ಎಣ್ಣೆ ಕಾದು ಸಾಸಿವೆ, ಒಣಮೆಣಸಿನಕಾಯಿ ಹಾಕಿಬಿಟ್ಟಿದ್ದೆ. ಡಬ್ಬಿ ತೆಗೆದರೆ ಕರಿಬೇವು ಖಾಲಿ. ಸಾಸಿವೆ ಸಿಡಿಯೋಕೆ ಶುರುವಾದ ಮೇಲೆ ಎಷ್ಟು ಹೊತ್ತು ಸಿಗುತ್ತೆ ಅಂತ ಒಲೆ ಮುಂದೆ ನಿಂತವರಿಗೆ ಹೇಳಬೇಕಾಗಿಲ್ಲ. ಸೌಟು ಹಿಡಿದೇ ಓಡಿದೆ. ಇವರು ಗಿಡದ ಬುಡದಲ್ಲಿ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಾರೆ.

"ಎರಡೆಸಳು ರೀ, ಬೇಗ. ಸಾಸಿವೆ ಸಿಡೀತಿದೆ."

"ಅದು ಬೇಡ. ಅದು ತುದಿ."

"ಇದು?"

"ನೆನ್ನೆ ಚಿಗುರಿದ್ದು."

"ಮತ್ಯಾವುದು ರೀ?"

ಇವರು ಕನ್ನಡಕ ಸರಿಮಾಡಿಕೊಂಡು ಗಿಡಕ್ಕೆ ಒಂದು ಪ್ರದಕ್ಷಿಣೆ ಬಂದರು. ನಾನು ಸೌಟು ಹಿಡಿದು ಹಿಂದೆ. ಕೊನೆಗೆ ನೆಲದ ಹತ್ತಿರ, ಅರ್ಧ ಹಳದಿಯಾದ, ಅಲ್ಲಲ್ಲಿ ತೂತು ಬಿದ್ದ ಒಂದು ಎಸಳು ಆರಿಸಿದರು. ಅದನ್ನೂ ಮುರಿಯಲಿಲ್ಲ. ಕಡ್ಡಿಯನ್ನು ಗಿಡದಲ್ಲೇ ಬಿಟ್ಟು, ಎಲೆಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ನನ್ನ ಅಂಗೈಗೆ ಹಾಕಿದರು, ತೀರ್ಥ ಕೊಟ್ಟ ಹಾಗೆ. ಒಂಬತ್ತು ಎಲೆ. ಒಳಗೆ ಬಂದರೆ ಬಾಣಲೆಯಲ್ಲಿ ಕರ್ರಗೆ ಮಸಿ, ಒಣಮೆಣಸಿನಕಾಯಿ ಘಾಟಿಗೆ ಪಕ್ಕದ ಮನೆಯವರೂ ಕೆಮ್ಮುತ್ತಿದ್ದಾರೆ. ಹೊರಗಿಂದ ಇವರ ದನಿ: "ಏನೇ ಅದು, ಸೀದ ವಾಸನೆ?"

ತುದಿ ಚಿವುಟಿದಷ್ಟೂ ಕರಿಬೇವು ಕವಲೊಡೆದು ಪೊದೆಯಾಗುತ್ತೆ, ಬಿಟ್ಟರೆ ಕೋಲಿನ ಹಾಗೆ ಉದ್ದಕ್ಕೆ ಹೋಗುತ್ತೆ. ಇದನ್ನು ಯೂಟ್ಯೂಬ್ ನೋಡಿ ಒಂದು ಭಾನುವಾರ ಪೂರ್ತಿ ನನಗೆ ಪಾಠ ಮಾಡಿದವರೂ ಇವರೇ. ಕತ್ತರಿ ಕೈಗೆ ಕೊಟ್ಟರೆ ಮಾತ್ರ "ಮುಂದಿನ ವಾರ ನೋಡೋಣ". ಹುಳಿ ಮಜ್ಜಿಗೆ ಹಾಕಿದರೆ ಘಮ ಬರುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳೋ ಮಾತೇ, ಆದರೆ ಮಜ್ಜಿಗೆ ಹುಳಿಯಾಗೋವರೆಗೆ ಕಾಯುವ ತಾಳ್ಮೆ ಇವರಿಗಿಲ್ಲ. ವಾರದಲ್ಲಿ ಎರಡು ದಿನ ನಾವು ಸಾರನ್ನಕ್ಕೇ ಊಟ ಮುಗಿಸಿ ಏಳುತ್ತೇವೆ, ಗಿಡ ಮಜ್ಜಿಗೆ ಕುಡಿಯುತ್ತೆ.

ಹೋದ ಆಷಾಢದಲ್ಲಿ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು. ವಾರ ಬಿಟ್ಟು ನೋಡಿದರೆ ಹಿಕ್ಕೆ ನಡೆಯುತ್ತಿದೆ! ಹಸಿರಾಗಿ ದುಂಡಗಾಗಿ, ಎರಡು ಕೊಂಬೆ ಬೋಳಿಸಿ, ಮೂರನೆಯದಕ್ಕೆ ಬಾಯಿ ಹಾಕಿತ್ತು. ಕಡ್ಡಿಯಲ್ಲಿ ಮುಟ್ಟಿದೆ, ತಲೆ ಹಿಂದಿಂದ ಕೆಂಪನೆಯ ಕವಲು ಕೊಂಬು ಚಾಚಿ ಕೆಟ್ಟ ವಾಸನೆ ಬಿಟ್ಟಿತು. ಎತ್ತಿ ಬಿಸಾಕಿ ಅಂದರೆ "ಬೇಡ ಕಣೇ, ಪಾಪ, ಚಿಟ್ಟೆಯಾಗುತ್ತೆ." ಹುಳಕ್ಕೆ ಲೆಕ್ಕ ಇಲ್ಲ. ಲೆಕ್ಕ ಏನಿದ್ದರೂ ಕಟ್ಟಿಕೊಂಡವಳಿಗೆ.

ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಅವ್ವನಿಗೆ ಕೈತೋಟ ಅನ್ನೋ ಮಾತೇ ಗೊತ್ತಿರಲಿಲ್ಲ. ಹಿತ್ತಲು, ಅಷ್ಟೆ. ಬಚ್ಚಲ ನೀರು ಹರಿಯುವ ಕಡೆ ಕೆಸು, ಅರಿಶಿನ, ಬಾಳೆ ತಮ್ಮಷ್ಟಕ್ಕೆ ತಾವು ಎದ್ದಿದ್ದವು, ಒಗೆಯೋ ಕಲ್ಲಿನ ಸಂದಿಯಲ್ಲಿ ದೊಡ್ಡಪತ್ರೆ. ನಮಗೆ ಶೀತವಾದರೆ ರಾತ್ರಿ ಕತ್ತಲಲ್ಲೇ ಹೋಗಿ, ಬರೀ ಕೈಯಾಡಿಸಿ ನಾಲ್ಕೆಲೆ ಮುರಿದು ತಂದು, ಹೆಂಚಿನ ಮೇಲೆ ಬಾಡಿಸಿ ರಸ ಹಿಂಡಿ ಜೇನುತುಪ್ಪದಲ್ಲಿ ನೆಕ್ಕಿಸುತ್ತಿದ್ದಳು. ಉಪ್ಸಾರಿಗೆ ಖಾರ ಅರೆಯುವಾಗ ಕೂತಲ್ಲಿಂದಲೇ ಕೂಗೋಳು, "ಎಲ್ಡು ಕೈ ಕೊತ್ತುಂಬ್ರಿ ತತ್ತವ್ವ!" ಎರಡು ಕೈ. ಎಸಳು ಗಿಸಳು ಇಲ್ಲ. ಆ ಹಿತ್ತಲಿಗೆ ಈಗ ತಮ್ಮ ಟೈಲ್ಸ್ ಹಾಕಿಸಿದ್ದಾನೆ. ಬೈಕ್ ನಿಲ್ಲಿಸೋಕೆ ಜಾಗ ಬೇಕಿತ್ತಂತೆ. ದೊಡ್ಡಪತ್ರೆ ಎಲ್ಲಿ ಹೋಯ್ತು ಅಂದರೆ "ಯಾವ್ ದೊಡ್ಡಪತ್ರೆ ಅಕ್ಕಯ್ಯ?" ಅಂದ.

ಇರಲಿ. ಇವರ ಜಿಪುಣತನ ಹೇಗೋ ಸಹಿಸಿಕೊಳ್ಳುತ್ತಿದ್ದೆ, ಎಲ್ಲರಿಗೂ ಒಂದೇ ಥರ ಆಗಿದ್ದರೆ. ಹೊರಗಿನವರಿಗೆ ಇವರು ದಾನಶೂರ ಕರ್ಣ. ಗೇಟಿನಾಚೆ ನಿಂತು ಯಾರಾದರೂ "ಏನ್ ಸಾರ್, ಗಿಡ ಭಾಳ ಚೆನ್ನಾಗಿ ಬಂದಿದೆ" ಅಂದರೆ ಮುಗೀತು. ಮೊನ್ನೆ ಹಿಂದಿನ ರಸ್ತೆಯ ಮೇಷ್ಟರಿಗೆ ಪುದೀನ, ದೊಡ್ಡಪತ್ರೆ ಒಂದು ಬ್ಯಾಗ್ ತುಂಬ ಹೋಯಿತು. ಇದೇನು ರೀ ಅಂದರೆ "ಕೇಳಿದೋರಿಗೆ ಇಲ್ಲ ಅನ್ನೋಕಾಗುತ್ತೇನೆ?" ಮೂರು ವರ್ಷದಿಂದ ನಾನು ಮಾಡುತ್ತಿರೋದಕ್ಕೆ ಏನಂತಾರೋ, ಕೇಳೋದು ಅಂತ ಅಲ್ಲ ಅಂತ ಕಾಣುತ್ತೆ.

ಅದಕ್ಕೇ ಇವತ್ತು ಎಂಟು ಗಂಟೆಗೆ ಸೊಪ್ಪಿನಮ್ಮ ಕೂಗಿದ ತಕ್ಷಣ ಹೊರಗೆ ಹೋದೆ. ಮೊದಲೆಲ್ಲ ಎರಡು ಕಟ್ಟು ಸೊಪ್ಪು ತಗೊಂಡರೆ ಕರಿಬೇವು ಕೊಸರಿಗೆ ಬರುತ್ತಿತ್ತು, ಈಗ ಅದಕ್ಕೂ ರೇಟು. "ಈಗ ತಾನೇ ಕಿತ್ತಿದ್ದು ಕಣಕ್ಕ, ಮೂಸ್ ನೋಡಿ" ಅಂದಳು. ಮೂಸಿದೆ, ಘಮ್ಮಂತು. ಇಷ್ಟು ಮಜ್ಜಿಗೆ ಕುಡಿದರೂ ನಮ್ಮನೇದಕ್ಕೆ ಇಂಥ ಘಮ ಇಲ್ಲವಲ್ಲ ಅಂದುಕೊಂಡು ಹತ್ತು ರೂಪಾಯಿ ಕೊಟ್ಟೆ. ಒಳಗೆ ಬಂದು ಕಟ್ಟು ಬಿಚ್ಚಿದೆ. ನಡುವಿನ ಕಡ್ಡಿಗೆ ನೀಲಿ ಚೌಕಳಿ ಪಟ್ಟಿ.

ಮಧ್ಯಾಹ್ನ ಇವರು ಊಟಕ್ಕೆ ಕೂತಾಗ, ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ಆ ಪಟ್ಟಿ ಇಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಪಾಪ, ಬೆಳಿಗ್ಗೆ ಆರಕ್ಕೇ ಈ ಕಡೆ ಬಂದಿದ್ದಳು. ಬುಟ್ಟೀಲಿ ಕರಿಬೇವೇ ಇರಲಿಲ್ಲ. ನಮ್ಮ ಗಿಡಾನ ಎಷ್ಟು ಹೊಗಳಿದಳು ಗೊತ್ತಾ?" ಸ್ವಲ್ಪ ಹೊತ್ತು ಬಿಟ್ಟು, "ನೀನೆಷ್ಟು ಕೊಟ್ಟೆ?"

"ಹತ್ತು."

"ಎಷ್ಟು ಎಸಳಿತ್ತು?"

"ಐದಾರು."

"ಅಷ್ಟಕ್ಕೆ ಹತ್ತಾ? ನಿಂಗೆ ವ್ಯಾಪಾರಾನೇ ಬರಲ್ಲ ಕಣೇ."

ಆಮೇಲೆ ಅನ್ನಕ್ಕೆ ಸಾರು ಹಾಕಿಸಿಕೊಂಡರು. ಕಲಸುವ ಮುಂಚೆ, ಒಗ್ಗರಣೆಯ ಕರಿಬೇವನ್ನು ಒಂದೊಂದೇ ಎಲೆ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಎತ್ತಿಟ್ಟರು. ಎದುರಿಗೆ ಕೂತು ನಾನು ಎಣಿಸಿದೆ. ಹದಿನಾಲ್ಕು.