ಸೋವಿಗೆ ಸಿಕ್ಕ ಬಂದೂಕು

ಕೊಂಡ ವಸ್ತುವಿನ ಬೆಲೆಯನ್ನು ತಾವೇ ಹೇಳಿ ಮುಗಿಸದೆ, ಎದುರಿಗೆ ಕೂತವರ ಬಾಯಿಂದ ಹೇಳಿಸಲು ಹೊರಡುವವರನ್ನು ಕಂಡರೆ ನನಗೆ ಆಗುವುದಿಲ್ಲ. "ಎಷ್ಟಕ್ಕ ತಗೊಂಡಿರಬೇಕು, ಹೇಳು ನೋಡೂಣು" ಎಂಬ ಮಾತು ಬಂದೊಡನೆ ನಾವು ಓದದೆ ಬಂದ ಪರೀಕ್ಷೆಗೆ ಕೂತಂತಾಗುತ್ತದೆ. ಹೆಚ್ಚು ಹೇಳಿದರೆ ಅವರಿಗೆ ಹಬ್ಬ, ಸರಿಯಾಗಿ ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ, ಕಡಿಮೆ ಹೇಳಿದರೆ ಆ ಮನೆಯಲ್ಲಿ ಎರಡನೆಯ ಸಲ ಚಹಾ ಬರುವುದಿಲ್ಲ. ಸೀರೆ, ಮೋಟಾರ್ ಸೈಕಲ್ಲು, ನಿವೇಶನಗಳ ವಿಷಯದಲ್ಲಿ ಈ ಹಿಂಸೆಯನ್ನು ಹೇಗೋ ತಡೆದುಕೊಳ್ಳಬಹುದು. ಬಂದೂಕಿನ ವಿಷಯದಲ್ಲಿ ಕಷ್ಟ, ಏಕೆಂದರೆ ಪ್ರಶ್ನೆ ಕೇಳುವವರ ತೊಡೆಯ ಮೇಲೆ ಬಂದೂಕು ಇರುತ್ತದೆ.

ನಮ್ಮ ಕಾಕಾ ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತೊಗರಿ ಬೆಳೆಯುವವರು. ಅವರ ಜೋಡುನಳಿಗೆಯ ಬಂದೂಕಿನ ಬೆಲೆ ನನಗೆ ಬಾಲ್ಯದಿಂದಲೂ ಗೊತ್ತು, ತೊಂದರೆ ಇರುವುದೂ ಅಲ್ಲಿಯೇ. ನಾನು ಶಾಲೆಯಲ್ಲಿದ್ದಾಗ ಅದರ ಬೆಲೆ 450 ರೂಪಾಯಿ ಇತ್ತು. ಕಾಲೇಜು ಸೇರುವಷ್ಟರಲ್ಲಿ 400ಕ್ಕೆ ಇಳಿದಿತ್ತು. ನನ್ನ ಮದುವೆಯ ಪಂಕ್ತಿಯಲ್ಲಿ ಬೀಗರ ಮುಂದೆ ಅದು 350 ಆಯಿತು, ಈ ದೀಪಾವಳಿಗೆ 275ಕ್ಕೆ ಬಂದು ನಿಂತಿದೆ. ಲೋಕದಲ್ಲಿ ಎಲ್ಲದರ ಬೆಲೆಯೂ ಏರುತ್ತಿರುವಾಗ, ಎಂದೋ ಎಣಿಸಿ ಕೊಟ್ಟು ಮುಗಿದ ಹಣ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗುವುದನ್ನು ನಾನು ನಮ್ಮ ಕಾಕಾ ಅವರ ಮನೆಯ ಪಡಸಾಲೆಯಲ್ಲಿ ಮಾತ್ರ ಕಂಡಿದ್ದೇನೆ.

ಆ ವ್ಯಾಪಾರದ ಕಥೆಯನ್ನು ಅವರು ಹೇಳುವ ರೀತಿ ಹೀಗಿದೆ. ಹಳೆಯ ಜಾಗೀರದಾರರ ಮನೆತನವೊಂದು ಊರಿನ ವಾಡೆಯನ್ನು ಮಾರಿ ಹೈದರಾಬಾದಿಗೆ ಹೋಗುವುದಿತ್ತು. ಸಾಮಾನುಗಳ ನಡುವೆ ಈ ಬಂದೂಕೂ ಇತ್ತು. ತಮ್ಮ ಅಜ್ಜ ಇದಕ್ಕೆ 300 ರೂಪಾಯಿ ಕೊಟ್ಟಿದ್ದರು ಎಂದು ಮಾರುವವರು ಬಾಯಿ ತಪ್ಪಿ ಹೇಳಿಬಿಟ್ಟರು. ಕಾಕಾ ಆ ಮಾತನ್ನು ಬಿಡದೆ ಹಿಡಿದರು. ನಿಜಾಮರ ಕಾಲದ ರೂಪಾಯಿ ಎಂದರೆ ಹಾಲಿ ಸಿಕ್ಕ ಎಂಬ ನಾಣ್ಯ, ಸುಮಾರು 7 ಹಾಲಿ ರೂಪಾಯಿಗೆ 6 ಕಲ್ದಾರ್, ಅಂದರೆ ಬ್ರಿಟಿಷರ ರೂಪಾಯಿ, ಆದ್ದರಿಂದ 300 ಎಂದರೆ 300 ಅಲ್ಲ ಎಂದು ಅವರು ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ ಬರೆದು ತೋರಿಸಿದರು. ಹಾಲಿಯೂ ಇಲ್ಲದ, ಕಲ್ದಾರವೂ ಇಲ್ಲದ ಕಾಲದಲ್ಲಿ ಎರಡು ಸತ್ತ ನಾಣ್ಯಗಳ ನಡುವಿನ ಅಂತರವನ್ನು ರಿಯಾಯಿತಿಯಾಗಿ ಗಿಟ್ಟಿಸಿಕೊಂಡ ಚೌಕಾಸಿ ಅದು. ಅದರಲ್ಲಿ ಎಷ್ಟು ನಿಜವೋ ನಾನು ಕೇಳಲು ಹೋಗಿಲ್ಲ. ಕೇಳಿದರೆ ಮತ್ತೆ 25 ರೂಪಾಯಿ ಇಳಿಯುತ್ತದೆ.

ಬಂದೂಕು ಚೆಂದವಿರುವುದು ಸುಳ್ಳಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ಡಮಾಸ್ಕಸ್ ನಳಿಗೆ ಅದು. ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿಯ ಬಟ್ಟೆಗೆ ಹಾಕಿ ಒರೆಸಿದಾಗ ಕಂದು ಬಣ್ಣದ ಸಣ್ಣ ಸಣ್ಣ ಸುರುಳಿಗಳು ತುದಿಯವರೆಗೂ ಎದ್ದು ಕಾಣುತ್ತವೆ. ಗುಂಡು ಹಾರಿಸುವಾಗ ಬಡಿಯುವ ಕುದುರೆಯ ಪಕ್ಕದ ತಗಡಿನ ಮೇಲೆ ಯಾರೋ ಒಂದು ಹಕ್ಕಿಯನ್ನು ಕೊರೆದಿದ್ದಾರೆ. ಅದರ ಕೊಕ್ಕು ಕಾಕಾ ಅವರ ಹೆಬ್ಬೆರಳಿಗೆ ಸಿಕ್ಕು ಸವೆದುಹೋಗಿದೆ. ಇದು ಬರ್ಮಿಂಗ್‌ಹ್ಯಾಮಿನ ಅಸಲು ಮಾಲು ಎಂಬುದು ಅವರ ಹೇಳಿಕೆ. ನಳಿಗೆಯನ್ನು ಬಿಚ್ಚಿ ಅಡಿಯಲ್ಲಿ ನೋಡಿದರೆ ಒಂದು ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರ, ಕೆಳಗೊಂದು ನಕ್ಷತ್ರ. ಅದು ಬೆಲ್ಜಿಯಮ್ಮಿನ ಲೀಜ್ ಪಟ್ಟಣದ ಬಂದೂಕು ಪರೀಕ್ಷಾಲಯದ ಮುದ್ರೆ. ಇದನ್ನು ನಾನು ಈವರೆಗೆ ಬಾಯಿ ಬಿಟ್ಟು ಹೇಳಿಲ್ಲ. ಇಳಿವಯಸ್ಸಿನವರಿಂದ ಒಂದು ದೇಶವನ್ನೇ ಕಸಿದುಕೊಂಡು ನನಗೆ ಆಗಬೇಕಾದುದೇನು?

ಹೇಳದೆ ಇರುವ ಇನ್ನೊಂದು ಮಾತೂ ಇದೆ. ಆ ಬಗೆಯ ಹಳೆಯ ನಳಿಗೆಗಳು ಕರಿಮದ್ದಿನ ಕಾಲದವು. ಈಗ ಅಂಗಡಿಯಲ್ಲಿ ಸಿಗುವ ಹೊಗೆರಹಿತ ಮದ್ದಿನ ತೋಟಾಗಳನ್ನು ಅವುಗಳಲ್ಲಿ ಹಾಕಿ ಹಾರಿಸುವುದು, ಗುಂಡು ಯಾವ ಕಡೆಯಿಂದ ಹೊರಗೆ ಬಂದರೂ ಸರಿ ಎನ್ನುವವರು ಮಾಡುವ ಕೆಲಸ. ಬೆಲೆ ಇಳಿದದ್ದು ಹಾಲಿ ಸಿಕ್ಕದ ಲೆಕ್ಕದಿಂದಲ್ಲ, ಈ ಕಾರಣದಿಂದ ಎಂದು ನನ್ನ ಗುಮಾನಿ.

ಸೋವಿಯ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಮಾತ್ರ ಆಳಂದವನ್ನು ಬಿಟ್ಟು ನೆರೆಯ ವಿಜಯಪುರಕ್ಕೆ ಹೋಗಿ ಶೆರ್ಜಾ ಬುರುಜನ್ನು ಹತ್ತಿಬಿಡುತ್ತದೆ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ತೂಕ ಸುಮಾರು 55 ಟನ್. ಬಾಯಿಯ ಸುತ್ತ ಸಿಂಹದ ತಲೆ, ಅದರ ದವಡೆಯಲ್ಲಿ ಸಿಕ್ಕು ನಜ್ಜುಗುಜ್ಜಾಗುತ್ತಿರುವ ಆನೆ. ಆದಿಲ್‌ಶಾಹಿಗಳು 1632ರಲ್ಲಿ ಅದನ್ನು ಯುದ್ಧದಲ್ಲಿ ಗೆದ್ದ ವಸ್ತುವಾಗಿ ವಿಜಯಪುರಕ್ಕೆ ತಂದರು, ಅಂದರೆ ಪುಕ್ಕಟೆಯಾಗಿ. ಆದರೆ ಎಳೆದು ತರಲು 10 ಆನೆ, 400 ಎತ್ತು ಮತ್ತು ನೂರಾರು ಆಳುಗಳು ಬೇಕಾದರು ಎಂದು ಹೇಳುತ್ತಾರೆ. ಇಂಥ ತೋಪನ್ನು 1854ರಲ್ಲಿ ಬ್ರಿಟಿಷರು ಹರಾಜಿಗೆ ಇಟ್ಟರು. ಸವಾಲು ಎಷ್ಟಕ್ಕೆ ನಿಂತಿತೆಂದರೆ 150 ರೂಪಾಯಿಗೆ.

ನಾನು ಇದನ್ನು ಲೆಕ್ಕ ಹಾಕಿ ನೋಡಿದ್ದೇನೆ. ರೂಪಾಯಿಗೆ 16 ಆಣೆಯಂತೆ 150 ರೂಪಾಯಿಗೆ 2,400 ಆಣೆ. 55 ಟನ್ನನ್ನು ಅದರಿಂದ ಭಾಗಿಸಿದರೆ ಒಂದು ಆಣೆಗೆ ಹತ್ತಿರ ಹತ್ತಿರ 23 ಕಿಲೋ ಎರಕದ ಲೋಹ ಬರುತ್ತದೆ. ಆ ಸವಾಲು ಕೂಗಿದ ಮನುಷ್ಯನ ಬಗ್ಗೆ ನಾನು ಯೋಚಿಸಿದಷ್ಟು ಆದಿಲ್‌ಶಾಹಿ ದೊರೆಗಳ ಬಗ್ಗೆ ಎಂದೂ ಯೋಚಿಸಿಲ್ಲ. 140ಕ್ಕೆ ನಿಲ್ಲಬಹುದಿತ್ತು ಎಂದು ಅವನಿಗೆ ಅನಿಸಿರಬೇಕು. ಮನೆಗೆ ಹೋಗಿ ಹೆಂಡತಿಯ ಮುಂದೆ ಕೂತು, ಏನು ತಂದೆ ಎಂಬುದನ್ನು ಮೊದಲು ಹೇಳದೆ, ಎಷ್ಟಕ್ಕೆ ತಂದೆ ಎಂಬುದನ್ನು ಮೊದಲು ಹೇಳಿರಬೇಕು. ಆ ತಾಯಿ ಅದನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿರಲೇಬೇಕು. 150 ರೂಪಾಯಿಯ ತೋಪನ್ನು ಬುರುಜಿನಿಂದ ಇಳಿಸಲು ಮತ್ತೆ 400 ಎತ್ತುಗಳನ್ನು ಹೂಡಬೇಕು. ಆ ಎತ್ತುಗಳಿಗೆ ಒಂದು ದಿನ ಹಾಕುವ ಕಣಿಕೆಯ ಲೆಕ್ಕ ಹಾಕಿದರೆ ಸೋವಿಯ ಸುಖವೆಲ್ಲ ಸಂಜೆಯೊಳಗೆ ಇಳಿದುಹೋಗುತ್ತದೆ. ಒಡೆದು ತುಂಡು ಮಾಡಿ ಸಾಗಿಸೋಣವೆಂದರೆ, ತಾಳಿಕೋಟೆಯ ಯುದ್ಧವನ್ನು ಕಂಡದ್ದೆಂದು ಜನ ನಂಬುವ ಆ ಲೋಹ ಯಾವ ಕಮ್ಮಾರನ ಸುತ್ತಿಗೆಗೆ ಬಗ್ಗೀತು? ಅವನ ಪುಣ್ಯಕ್ಕೆ ಹರಾಜು ರದ್ದಾಯಿತು, ತೋಪು ಇದ್ದಲ್ಲಿಯೇ ಉಳಿಯಿತು. ಆದರೆ ಅವನು ಅದನ್ನು ಪುಣ್ಯವೆಂದು ತಿಳಿದಿರಲಾರ. ಕೈಗೆ ಬಂದ 55 ಟನ್ ತಪ್ಪಿಹೋಯಿತೆಂದು ಸಾಯುವವರೆಗೂ ಚಾವಡಿಯಲ್ಲಿ ಕೂತು ಸರ್ಕಾರವನ್ನು ಬೈದಿರುತ್ತಾನೆ, ಸಾಯುವಷ್ಟರಲ್ಲಿ ಸವಾಲು 90 ರೂಪಾಯಿಗೆ ಇಳಿದಿರುತ್ತದೆ.

ಈ ಸಂಗತಿಯನ್ನು ಒಮ್ಮೆ ಕಾಕಾ ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ "ಲಿಲಾವ ಯಾರ್ ಹೆಸರಿಗಿ ಆಗಿತ್ತು?" ಎಂದು ಕೇಳಿದರು. ನೂರೈವತ್ತು ವರ್ಷಕ್ಕೂ ಹಿಂದೆ ತೀರಿಹೋದ ಒಬ್ಬ ಅಪರಿಚಿತನ ಮೇಲೆ ಅಷ್ಟು ಶುದ್ಧವಾದ ಹೊಟ್ಟೆಕಿಚ್ಚನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಕಲಬುರಗಿ ಕೋಟೆಯಲ್ಲಿಯೂ 29 ಅಡಿ ಉದ್ದದ ತೋಪು ಬಿಸಿಲಲ್ಲಿ ಬಿದ್ದಿದೆಯಲ್ಲ, ಅದನ್ನೇಕೆ ಯಾರೂ ಹರಾಜಿಗೆ ಇಡಲಿಲ್ಲ ಎಂಬ ಕೊರಗು ಆ ದಿನದಿಂದ ಅವರಿಗೆ ಹತ್ತಿಕೊಂಡಿತು.

ಇನ್ನು ಈ 275 ರೂಪಾಯಿಯ ಬಂದೂಕನ್ನು ಸಾಕುವ ಖರ್ಚು. ಲೈಸೆನ್ಸು, ಅದರ ನವೀಕರಣ, ಅದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಬಸ್ಸು, ಕಚೇರಿಯ ಬೆಂಚು, ನಾಳೆ ಬನ್ನಿ ಎಂಬ ಮಾತು, ನಾಳೆ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮೂರು ವರ್ಷಕ್ಕೊಮ್ಮೆ ಇದ್ದ ಈ ಯಾತ್ರೆಯನ್ನು ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಮಾಡಿತು, ಆ ಮಟ್ಟಿಗೆ ಆ ಕಾಯ್ದೆಗೆ ನನ್ನ ನಮಸ್ಕಾರ. ಚುನಾವಣೆ ಘೋಷಣೆಯಾಯಿತೆಂದರೆ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಿ ರಸೀದಿ ತರಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ನಮ್ಮಲ್ಲಿ ಚುನಾವಣೆಗಳಿಗೆ ಬರವಿಲ್ಲವಾದ್ದರಿಂದ, ಅದು ಕಾಕಾ ಅವರಿಗಿಂತ ಹೆಚ್ಚು ಊರು ತಿರುಗಿದೆ. ಒಂದು ಸಲ ಹಿಡಿಕೆಯ ಮೇಲೆ ಸುಣ್ಣದ ಕಲೆಯೊಡನೆ, ಇನ್ನೊಂದು ಸಲ ಬೇರೆ ಯಾರದೋ ಚರ್ಮದ ಪಟ್ಟಿಯೊಡನೆ ಅದು ಮರಳಿತು. ಪಟ್ಟಿ ಹೊಸದಾಗಿದ್ದುದರಿಂದ ಕಾಕಾ ದೂರು ಕೊಡಲಿಲ್ಲ. ಅದೂ ಒಂದು ಸೋವಿಯೇ ಅಲ್ಲವೆ?

ಇಷ್ಟು ಮಾಡಿ ಅದರಿಂದ ಆಗುವ ಕೆಲಸವೇನು ಎಂದು ಕೇಳಬಾರದು. ತೊಗರಿ ಹೂವಿಗೆ ಬಂದಾಗ ಕಾಡುಹಂದಿಗಳು ಹಿಂಡಾಗಿ ಇಳಿಯುತ್ತವೆ, ಕೃಷ್ಣಮೃಗಗಳು ಸಾಲು ಹಿಡಿದು ಮೇಯುತ್ತವೆ. ಕೃಷ್ಣಮೃಗಕ್ಕೆ ಗುಂಡು ಹಾರಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜೈಲಿಗೆ ಕಳುಹಿಸುತ್ತದೆ. ಈ ನಳಿಗೆಯಿಂದ ಹಂದಿಗೆ ಹಾರಿಸಿದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೀಗಾಗಿ ರಾತ್ರಿ ಹೊಲದ ಅಟ್ಟದ ಮೇಲೆ ಕೂತು ಅವರು ಬಡಿಯುವುದು ಡಾಲ್ಡಾದ ಹಳೆಯ ಡಬ್ಬಿಯನ್ನು. ಬಂದೂಕು ಗೋಡೆಯ ಮೇಲೆ ಬೆಚ್ಚಗಿರುತ್ತದೆ. ನನಗೆ ಈ ಏರ್ಪಾಡು ಒಪ್ಪಿಗೆಯೇ. ಮದುವೆಯ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸಿ ವಿಡಿಯೊ ಮಾಡಿಸಿಕೊಳ್ಳುವ ತರುಣರನ್ನು ನೋಡಿದಾಗ, ಅದೇ 2019ರ ತಿದ್ದುಪಡಿ ಅದಕ್ಕೆ ಇಟ್ಟಿರುವ ಎರಡು ವರ್ಷದವರೆಗಿನ ಸೆರೆ ಬಹಳ ಕಡಿಮೆಯಾಯಿತೆಂದು ನನಗೆ ಅನಿಸುತ್ತದೆ.

ಆ ತಿದ್ದುಪಡಿಯಿಂದ ಕಾಕಾ ಅವರಿಗೆ ಸುಗ್ಗಿಯ ಆಸೆಯೊಂದು ಹುಟ್ಟಿತ್ತು. ಒಬ್ಬರು ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಾಗಿದ್ದುದನ್ನು ಅದು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಬಿಟ್ಟುಕೊಡಲು ಒಂದು ವರ್ಷದ ಅವಕಾಶ ಕೊಟ್ಟಿತು. ಹುಮನಾಬಾದಿನ ಕಡೆಯ ಪರಿಚಯಸ್ಥರೊಬ್ಬರ ಬಳಿ ಮೂರು ಇದ್ದವು. ಕಾಕಾ ಅವರು ಧೋತರ ಇಸ್ತ್ರಿ ಮಾಡಿಸಿಕೊಂಡು ಹೊರಟಿದ್ದರು. ಚಿಗವ್ವ ಬಾಗಿಲಲ್ಲಿ ನಿಂತು, "ಇನ್ನೊಂದ್ ಬಂದೂಕ ಈ ಮನ್ಯಾಗ ಬಂತಂದ್ರ, ಮದಲನೇದು ಕೆಲಸ ಮಾಡ್ತದೋ ಇಲ್ಲೋ ನಾನೇ ನೋಡ್ತೀನಿ" ಎಂದರು. ಹುಮನಾಬಾದಿನ ಪ್ರಯಾಣ ಅಲ್ಲಿಗೆ ನಿಂತಿತು.

ಕೊಟ್ಟ ಹಣ ಕಡಿಮೆಯಾದಷ್ಟೂ ವಸ್ತುವಿನ ಮೇಲೆ ಪ್ರೀತಿ ಏಕೆ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕೆಂದು ನಾನು ಬರೆಯಲು ಕೂತದ್ದು ನಿಜ. ಆದರೆ ಅಷ್ಟರಲ್ಲಿ ಬೇರೆಯೇ ಒಂದು ಪ್ರಸಂಗ ನಡೆದಿದೆ. ಕಾಕಾ ಅವರಿಗೆ ಎಪ್ಪತ್ತು ದಾಟಿದೆ, ನಿಯಮದಂತೆ ಬಂದೂಕನ್ನು ಮಕ್ಕಳ ಹೆಸರಿಗೆ ಮಾಡಿಸಬಹುದು. ಪುಣೆಯ ಮಗ ಬಾಡಿಗೆ ಫ್ಲ್ಯಾಟಿನಲ್ಲಿ ಎಲ್ಲಿಡಲಿ ಎಂದ. ಬೆಂಗಳೂರಿನ ಮಗ ಫೋನೇ ಎತ್ತಲಿಲ್ಲ. ಮೊನ್ನೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜೆ ಕಡುಬು ಉಂಡು ಕೂತಾಗ ಅವರ ದೃಷ್ಟಿ ನನ್ನ ಮೇಲೆ ಬಿತ್ತು. ನನ್ನ ಹೆಸರಿಗೆ ಲೈಸೆನ್ಸೇ ಇಲ್ಲ ಎಂದೆ. ಮಾಡಿಸಿಕೊ ಎಂದರು. ಪುಕ್ಕಟೆ ಕೊಡುತ್ತಾರೆ, ಹಿರಿಯರ ಮನಸ್ಸು ನೋಯದಂತೆ ಬೇಡವೆನ್ನುವುದು ಹೇಗೆ ಎಂದು ಯೋಚಿಸುತ್ತ, ಮಾತಿಗೆಂದು ಎಷ್ಟು ಕೊಡಲಿ ಕಾಕಾ ಎಂದು ಕೇಳಿದೆ.

"ಮನ್ಯಾನವ ಅಂತ ನಿನಗ ನಲವತ್ತು ಸಾವಿರ. ಹೊರಗಿನವರಿಗಿ ಅರವತ್ತಕ್ಕ ಒಂದ್ ಪೈಸಾ ಕಮ್ಮಿ ಮಾಡಂಗಿಲ್ಲ" ಎಂದರು.