ತಾಟು ತಿರುವಿ ನೋಡ್ರಿ

ನಿನ್ನೆ ವಿಜಯಪುರದಲ್ಲಿ ಬೀಗರ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ಮನೆಯ ಹಿರಿಯರು, ನಾನು ಮಾಮಾ ಅಂತ ಕರೆಯುವವರು, ಶೋಕೇಸಿನಿಂದ ನೀಲಿ-ಬಿಳಿ ಪಿಂಗಾಣಿ ತಾಟೊಂದನ್ನು ತೆಗೆದು ನನ್ನ ಕೈಗಿಟ್ಟರು. "ಆದಿಲ್‌ಶಾಹಿ ಕಾಲದ್ದು. ಅರಮನಿಯೊಳಗ ಊಟಕ್ಕ ಇದ್ದದ್ದಂತ. ನಲವತ್ತು ಸಾವಿರ ಕೊಟ್ಟೀನಿ." ಸುತ್ತ ನಿಂತವರು ಕಣ್ಣರಳಿಸಿದರು.

ಹಳೆಯ ಪಿಂಗಾಣಿ ಕೈಗೆ ಬಂದರೆ ನಾನು ಮೊದಲು ತಿರುವಿ ಹಾಕುವವನು ಅಂತ ನಿಮಗೆಲ್ಲ ಗೊತ್ತು. ತಿರುವಿದೆ. ತಳದ ನಟ್ಟನಡುವೆ ‘ಪುರಾತನ ವಸ್ತು’ ಅಂತ ಬರೆದ ಕಾಗದ ಅಂಟಿಸಿತ್ತು, ತಯಾರಿಸಿದವರ ಗುರುತು ಇರಬೇಕಾದ ಜಾಗದಲ್ಲೇ! ಮಾಮಾನ್ನ ಕೇಳಿ ಉಗುರಿನಿಂದ ಒಂದು ತುದಿ ಎಬ್ಬಿಸಿದೆ. ಕೆಳಗೆ ನೀಲಿ ಅಕ್ಷರ: ‘ಮೇಡ್ ಇನ್ ಇಂಗ್ಲೆಂಡ್’.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಾಮಾನ ಮೇಲಲ್ಲ, ಮಾರಿದವನ ಮೇಲೆ ಸಿಟ್ಟು. ಗುರುತು ಅವನಿಗೆ ಕಂಡಿದೆ. ಕಂಡದ್ದಕ್ಕೇ ಮುಚ್ಚಿದ್ದಾನೆ.

ಔರಂಗಜೇಬ ವಿಜಯಪುರ ಗೆದ್ದದ್ದು 1686ರಲ್ಲಿ. ಆ ತಾಟಿನ ಮೇಲಿನ ಚಿತ್ರ, ಸೇತುವೆ ದಾಟುವ ಮೂವರು, ಬಾಗಿದ ಮರ, ಮೇಲೆ ಹಾರುವ ಜೋಡಿಹಕ್ಕಿ, ಇದಕ್ಕೆ ‘ವಿಲ್ಲೋ’ ಅಂತಾರೆ. ನೋಡಲು ಚೀನಾದ್ದು ಅನಿಸಿದರೂ ಇಂಗ್ಲೆಂಡಿನ ಕುಂಬಾರರು ಅದನ್ನು ರೂಪಿಸಿದ್ದು 1790ರ ಹೊತ್ತಿಗೆ. ಆಗ ಆದಿಲ್‌ಶಾಹಿ ಅಳಿದು ನೂರು ವರ್ಷ ಕಳೆದಿತ್ತು. ಇನ್ನು ಆ ಅಕ್ಷರ. ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಸುಂಕದ ಕಾಯ್ದೆ ತಂದಿತು, ಮರುವರ್ಷ ಜಾರಿಯಾಯಿತು. ಅಲ್ಲಿಗೆ ಮಾಲು ಕಳಿಸುತ್ತಿದ್ದ ಇಂಗ್ಲೆಂಡಿನ ಕುಂಬಾರರೂ ಹೆಸರು ಒತ್ತತೊಡಗಿದರು. ಬರೀ ‘ಇಂಗ್ಲೆಂಡ್’ ಅಂತಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ‘ಮೇಡ್ ಇನ್’ ಸೇರಿದರೆ ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ್ದು. ತಿರುವಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ.

ಊರಲ್ಲಿ ನಿಜವಾದ ಹಳೆಯ ಪಿಂಗಾಣಿ ಇಲ್ಲವೇ? ಗೋಳಗುಮ್ಮಟದ ನಗಾರಖಾನೆಯ ಮ್ಯೂಸಿಯಮ್ಮಿನಲ್ಲಿ ಇದೆ. ಚೀನಿ ಮಹಲಿಗೆ ಆ ಹೆಸರು ಬಂದದ್ದೇ ಅಲ್ಲಿ ಸಿಕ್ಕ ಪಿಂಗಾಣಿ ಚೂರುಗಳಿಂದ ಅಂತಾರೆ. ಅಂಥ ಊರಿನಲ್ಲಿ ನಿಂತು, ಕಂಡ ತಾಟಿಗೆಲ್ಲ ಆದಿಲ್‌ಶಾಹಿ ಅಂತ ಹೆಸರಿಟ್ಟು ಮಾರುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

"ಅವರ ಖುಷಿಗೆ ಇಟ್ಕೊಂಡಾರ, ನಿನಗ್ಯಾಕ?" ಅಂತ ಮನೆಯವಳೂ ಕೇಳಿದಳು. ಖುಷಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ನಲವತ್ತು ಸಾವಿರ ಖುಷಿಯ ಬೆಲೆಯಲ್ಲ, ಸುಳ್ಳಿನ ಬೆಲೆ. ಇನ್ನೊಬ್ಬರು, "ಗುರುತೂ ಖೊಟ್ಟಿ ಇರ್ತಾವಲ್ರಿ" ಅಂದರು. ಇರುತ್ತವೆ. ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯ ಗುರುತಾದ ಅಡ್ಡಕತ್ತಿಗಳನ್ನು ಕಂಡಕಂಡವರು ನಕಲು ಮಾಡಿದ್ದಾರೆ. ಚೀನಾದ ಕುಂಬಾರರು ತಮ್ಮ ಮಾಲಿನ ತಳದಲ್ಲಿ ಹಿಂದಿನ ದೊರೆಗಳ ಹೆಸರು ಬರೆದಿದ್ದಾರೆ. ಹಾಗಂತ ನೋಡುವುದನ್ನೇ ಬಿಡುವುದೇ? ಇನ್ನಷ್ಟು ಹತ್ತಿರ ಹಿಡಿದು ನೋಡಬೇಕು.

ಜಮಖಂಡಿಯ ಗೆಳೆಯರ ಮನೆಯ ಹಾಲಿನ ಹೂಜಿಯ ತಳದಲ್ಲಿ ವಜ್ರಾಕಾರದ ಮುದ್ರೆ ಇದೆ. ಇಂಗ್ಲೆಂಡಿನಲ್ಲಿ 1842ರಿಂದ 1883ರವರೆಗೆ ವಿನ್ಯಾಸ ನೋಂದಾಯಿಸಿದಾಗ ಕೊಡುತ್ತಿದ್ದ ಗುರುತು ಅದು. ಮೇಲಿನ ಸುತ್ತಿನಲ್ಲಿ ರೋಮನ್ ನಾಲ್ಕು ಇದ್ದರೆ ಮಣ್ಣಿನ ಸಾಮಾನು. ಒಂದು ಮೂಲೆಯ ಅಕ್ಷರ ವರ್ಷ ಹೇಳುತ್ತದೆ. ‘ಎಫ್’ ಮೇಲಿನ ಮೂಲೆಯಲ್ಲಿದ್ದರೆ 1847, ಬಲ ಮೂಲೆಯಲ್ಲಿದ್ದರೆ 1873. ಅವರ ಹೂಜಿಯಲ್ಲಿ ಬಲಕ್ಕಿತ್ತು. ವಿನ್ಯಾಸ ನೋಂದಾಯಿಸಿದ ವರ್ಷ ಅದು, ಹೂಜಿ ಆಮೇಲೆ ಯಾವಾಗ ಬೇಕಾದರೂ ಸುಟ್ಟಿರಬಹುದು. ಅದಕ್ಕಿಂತ ಹಳೆಯದಂತೂ ಆಗಲಾರದು. ಭೂತಗನ್ನಡಿ ಹಿಡಿದು ಆ ಅಕ್ಷರ ಓದಿದ ದಿನ ನಾನು ಊಟ ಮರೆತಿದ್ದೆ.

ಇಷ್ಟು ಸಿಟ್ಟು ನನಗೇಕೆ ಅಂದರೆ, ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಮುತ್ಯಾ ಮುಂಬಯಿಯಿಂದ ತಂದಿದ್ದ ಕಪ್ಪು-ಬಸಿ ಆರು ಜೊತೆ ಇದ್ದವು. ಬಸಿಗಳ ತಳದಲ್ಲಿ ಸಣ್ಣ ಕೆಂಪು ಅಕ್ಷರ. ಹನ್ನೊಂದು ವರ್ಷದವನಿದ್ದಾಗ, ದೀಪಾವಳಿಗೆ ಪಾತ್ರೆ ತೊಳೆಯುವಾಗ, ಕೊಳೆ ಅಂದುಕೊಂಡು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಪಿಂಗಾಣಿಯ ಹೊಳಪಿನ ಲೇಪದ ಮೇಲೆ ಒತ್ತಿದ ಮುದ್ರೆ, ಬಿಟ್ಟುಹೋಯಿತು. ಹೊಳಪಿನ ಕೆಳಗಿನದಾಗಿದ್ದರೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. "ಛಲೋ ಬೆಳಗೀದಿ ನೋಡಪ್ಪಾ" ಅಂತ ಆಯಿ ಬೆನ್ನು ಸವರಿದಳು. ಒಂದೇ ಒಂದು ಬಸಿ ಉಳಿದಿತ್ತು. ಎಷ್ಟೋ ವರ್ಷದ ಮೇಲೆ ಓದಿದೆ: ‘ಮೇಡ್ ಇನ್ ಆಕ್ಯುಪೈಡ್ ಜಪಾನ್’. ಯುದ್ಧದಲ್ಲಿ ಸೋತ ಜಪಾನು ಪರರ ಹಿಡಿತದಲ್ಲಿದ್ದ ಕಾಲದ್ದು. ಆ ಹಿಡಿತ ಮುಗಿದದ್ದು 1952ರ ಏಪ್ರಿಲ್‌ನಲ್ಲಿ. ಮುತ್ಯಾ ಯಾವ ಹೊತ್ತಿನಲ್ಲಿ ಮುಂಬಯಿಯಲ್ಲಿದ್ದ ಅನ್ನುವುದಕ್ಕೆ ನಮ್ಮ ಮನೆಯಲ್ಲಿರುವ ಸಾಕ್ಷಿ ಅದೊಂದೇ. ಐದನ್ನು ನನ್ನ ಕೈಯಿಂದಲೇ ಅಳಿಸಿದ್ದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಮನೆಯಲ್ಲಿ ಹಳೆಯ ತಾಟು, ಬಸಿ, ಉಪ್ಪಿನಕಾಯಿ ಬರಣಿ ಇದ್ದರೆ ತಳವನ್ನು ತಿಕ್ಕಬೇಡಿ. ಮೆತ್ತನೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಫೋಟೋ ತೆಗೆದಿಡಿ. ಕೊಳ್ಳುವಾಗ ಕಾಗದ ಅಂಟಿಸಿದ್ದರೆ ಕಿತ್ತು ತೋರಿಸು ಅನ್ನಿ.

ಇದನ್ನು ಬರೆಯುತ್ತಿರುವಾಗಲೇ ಮಾಮಾನ ಫೋನ್ ಬಂತು. ಮುನಿಸಿಕೊಂಡಿರಬಹುದು ಅಂತ ಹೆದರಿದ್ದೆ. "ಕಾಗದ ಪೂರಾ ಕಿತ್ತೀನಿ. ಕೆಳಗ ‘ಬರ್ಸ್ಲೆಮ್’ ಅಂತ ಐತಿ. ಅದೆಲ್ಲಿ ಬರತೈತಿ?" ಅಂದರು. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕುಂಬಾರರ ಊರು, ನಮ್ಮ ಖಾನಾಪುರ ಇದ್ದಂಗ ಅಂದೆ. "ಹೌದಾ? ನಾಳೆ ಬಾ, ಭೂತಗನ್ನಡಿ ತಗೊಂಡು ಬಾ" ಅಂದರು.