ಪಾಲಿ ಫಾರ್ಮರ್ ನೆಗೆತ ಎಲ್ಲರಿಗೂ ಗೊತ್ತು, ತಲೆ?

ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ನಾವು ಗ್ರಹಾಂ ‘ಪಾಲಿ’ ಫಾರ್ಮರ್ ಅನ್ನುವ ಹಳೇ ಫೂಟಿ (ಆಸ್ಟ್ರೇಲಿಯನ್ ರೂಲ್ಸ್) ಆಟಗಾರನ ಹೆಸರು ಹೇಳುವುದು ಹೆಚ್ಚಾಗಿ ಟ್ರಾಫಿಕ್ಕಿಗೆ ಬೈಯುವಾಗ. ಗ್ರಹಾಂ ಫಾರ್ಮರ್ ಫ್ರೀವೇ ಇವತ್ತೂ ಜಾಮ್, ಸುರಂಗದೊಳಗೆ ಯಾವುದೋ ಕಾರು ಕೆಟ್ಟು ನಿಂತಿದೆ, ಹೀಗೆ. ನಾರ್ತ್‌ಬ್ರಿಡ್ಜ್ ಕೆಳಗೆ ಹಾದುಹೋಗುವ ಆ ಸುರಂಗವನ್ನು ಇಲ್ಲಿಯ ಜನ ‘ಪಾಲಿ ಪೈಪ್’ ಅಂತಲೇ ಕರೆಯುತ್ತಾರೆ. 2000ದಲ್ಲಿ ಆ ರಸ್ತೆ ಶುರುವಾದಾಗ ಫಾರ್ಮರ್ ಬದುಕಿದ್ದರು. ಆದರೆ ಅದರ ಹಿಂದಿನ ವರ್ಷವೇ ಡಾಕ್ಟರುಗಳು ಆಲ್ಝೈಮರ್ಸ್ ಅಂತ ಹೇಳಿಯಾಗಿತ್ತು. ಊರಿಗೆ ಊರೇ ಅವರನ್ನು ನೆನಪಿಟ್ಟುಕೊಳ್ಳಲು ಹೊರಟಾಗ ಅವರಿಗೇ ಮರೆವು ಶುರುವಾಗಿತ್ತು.

ಈಗ್ಯಾಕೆ ಇದನ್ನೆಲ್ಲ ಬರೀತಿದ್ದೀನಿ ಅಂದ್ರೆ, ಮೊನ್ನೆ ಸ್ನೇಹಿತರ ಮನೆ ಊಟದಲ್ಲಿ ಫೂಟಿ ಮಾತು ಬಂತು. ಒಬ್ಬರು ಬಹಳ ಮೆಚ್ಚುಗೆಯಿಂದಲೇ ಹೇಳಿದರು, "ಪಾಲಿದು ಹುಟ್ಟುಪ್ರತಿಭೆ ಬಿಡಿ, ಮೂಲನಿವಾಸಿಗಳಿಗೆ ಅದು ರಕ್ತದಲ್ಲೇ ಬಂದಿರುತ್ತೆ" ಅಂತ. ಹೊಗಳಿಕೆಯೇ, ಒಪ್ಪೋಣ. ಆದರೆ ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಬಿಳಿ ಆಟಗಾರ ಚೆನ್ನಾಗಿ ಆಡಿದರೆ ಅವನು ಬುದ್ಧಿವಂತ, ಶ್ರಮಜೀವಿ. ಅದೇ ಆಟವನ್ನು ಕಪ್ಪು ಆಟಗಾರ ಆಡಿದರೆ ರಕ್ತ, ಸ್ನಾಯು, ಮಾಯೆ. ಈ ಆಟದಲ್ಲಿ ತಲೆ ಉಪಯೋಗಿಸಿದವರ ಪಟ್ಟಿ ಮಾಡಿದರೆ ಫಾರ್ಮರ್ ಹೆಸರು ಮೊದಲು ಬರಬೇಕು ಅನ್ನೋದು ನನ್ನ ವಾದ.

ಫೂಟಿ ನೋಡದವರಿಗೆ ಒಂದೆರಡು ಮಾತು. ಇದು ಫುಟ್‌ಬಾಲೂ ಅಲ್ಲ, ರಗ್ಬಿಯೂ ಅಲ್ಲ. ದೊಡ್ಡ ಮೊಟ್ಟೆಯಾಕಾರದ ಮೈದಾನ, ಒಂದೊಂದು ತಂಡಕ್ಕೆ 18 ಜನ, ಚೆಂಡೂ ಮೊಟ್ಟೆಯಾಕಾರದ್ದೇ. ಫಾರ್ಮರ್ ಕಾಲದಲ್ಲಿ ಅಂಪೈರ್ ಮಧ್ಯದಲ್ಲಿ ಚೆಂಡನ್ನು ನೆಲಕ್ಕೆ ಬಡಿದು ಮೇಲಕ್ಕೆ ಎಬ್ಬಿಸುತ್ತಿದ್ದರು, ಎರಡೂ ಕಡೆಯ ಎತ್ತರದ ಆಳುಗಳು ಹಾರಿ ಅದಕ್ಕೆ ಕೈ ಹಾಕುತ್ತಿದ್ದರು. ಹಾಗೆ ಹಾರುವವನೇ ರಕ್‌ಮನ್. ಅವನು ತಟ್ಟಿದ ಚೆಂಡನ್ನು ಕೆಳಗೆ ಕಾದಿರುವ ರೋವರ್ ಅಂತ ಕರೆಯುವ ಚಿಕ್ಕ, ಚುರುಕು ಆಟಗಾರ ಎತ್ತಿಕೊಂಡು ಓಡಬೇಕು. ರಕ್‌ಮನ್ ಅಂದ್ರೆ ಉದ್ದ ಇರಬೇಕು, ಗಟ್ಟಿ ಇರಬೇಕು, ಸುಮ್ನೆ ಡಿಕ್ಕಿ ಹೊಡೆಯುತ್ತಾ ಇರಬೇಕು. 50ರ ದಶಕದವರೆಗೂ ಹೆಚ್ಚಿನವರ ಲೆಕ್ಕ ಇಷ್ಟೇ.

ಫಾರ್ಮರ್ ಎತ್ತರ ಸುಮಾರು 191 ಸೆಂಟಿಮೀಟರ್. ಇವತ್ತಿನ ರಕ್‌ಮನ್‌ಗಳ ಪಕ್ಕ ನಿಲ್ಲಿಸಿದರೆ ಗಿಡ್ಡ! ಚಿಕ್ಕಂದಿನಲ್ಲಿ ಪೋಲಿಯೊ ಬಂದು ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ಮೋಟಾಗಿತ್ತು. ಹುಟ್ಟುಪ್ರತಿಭೆ ಅನ್ನುವವರು ಈ ಕಾಲನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಾರೋ ಗೊತ್ತಿಲ್ಲ.

ಹುಟ್ಟಿದ್ದು 1935ರ ಮಾರ್ಚ್‌ನಲ್ಲಿ, ಫ್ರೀಮ್ಯಾಂಟಲ್‌ನಲ್ಲಿ. ತಾಯಿ ಮೂಲನಿವಾಸಿಗಳ ನೂಂಗಾರ್ ಜನಾಂಗದವರು. ಇನ್ನೂ ಎರಡು ವರ್ಷ ತುಂಬದ ಮಗು ಪರ್ತ್‌ನ ಕ್ವೀನ್ಸ್ ಪಾರ್ಕ್‌ನಲ್ಲಿದ್ದ ಸಿಸ್ಟರ್ ಕೇಟ್ಸ್ ಅನ್ನುವ ಮಕ್ಕಳ ಮನೆ ಸೇರಿತು. ಆ ಮನೆಯ ಹಿಂದಿನ ಲೆಕ್ಕಾಚಾರ ಬಹಳ ಕೆಟ್ಟದ್ದು. ಮೂಲನಿವಾಸಿ ಮಕ್ಕಳಲ್ಲಿ ಮೈಬಣ್ಣ ತಿಳಿಯಾಗಿರುವವರನ್ನು ಆರಿಸಿ, ಸಮುದಾಯದಿಂದ ದೂರ ಬೆಳೆಸಿ, ಬಿಳಿಯರೊಳಗೆ ಕರಗಿಸಿಬಿಡೋದು. ಆಗ ಪಶ್ಚಿಮ ಆಸ್ಟ್ರೇಲಿಯಾದ ಮೂಲನಿವಾಸಿಗಳ ‘ರಕ್ಷಕ’ ಹುದ್ದೆಯಲ್ಲಿದ್ದ ಎ.ಓ. ನೆವಿಲ್ ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಫಾರ್ಮರ್ ಮಾತ್ರ ತಾವು ಬೆಳೆದ ಆ ಮನೆಯ ಬಗ್ಗೆ ಕೃತಜ್ಞತೆಯಿಂದಲೇ ಮಾತಾಡಿದವರು. ಅಲ್ಲಿ ಊಟ ಸಿಕ್ಕಿತು, ಗೆಳೆಯರು ಸಿಕ್ಕರು, ಆಟ ಸಿಕ್ಕಿತು. ಎರಡೂ ನಿಜ ಇರಬಹುದು ಅಲ್ವಾ? ಅವರ ಕೃತಜ್ಞತೆಯನ್ನು ನಾವು ತಿದ್ದಬೇಕಾಗಿಲ್ಲ, ಸರ್ಕಾರದ ನೀತಿಯನ್ನು ಕ್ಷಮಿಸಬೇಕಾಗಿಯೂ ಇಲ್ಲ. ಪುಟ್ಟ ಹುಡುಗ ಗಿಣಿಯ ಹಾಗೆ ಒಂದೇ ಸಮ ವಟಗುಟ್ಟುತ್ತಿದ್ದನಂತೆ, ಅದಕ್ಕೇ ಇಂಗ್ಲಿಷಿನಲ್ಲಿ ಗಿಣಿಯನ್ನು ಕರೆಯುವ ಪಾಲಿ ಅನ್ನೋ ಹೆಸರು ಬಿತ್ತು. ದೊಡ್ಡವರಾದ ಮೇಲೆ ಮಾತ್ರ ಮಾತು ಕಡಿಮೆ.

1953ರಲ್ಲಿ ಈಸ್ಟ್ ಪರ್ತ್ ಕ್ಲಬ್ಬಿಗೆ ಆಡಲು ಶುರುಮಾಡಿದರು. ಅದೇ ಮಕ್ಕಳ ಮನೆಯಿಂದ ಬಂದ ಟೆಡ್ ಕಿಲ್ಮರಿ ಕೂಡ ಅಲ್ಲೇ ಆಡುತ್ತಿದ್ದರು. ಈಸ್ಟ್ ಪರ್ತ್ 1956, 58, 59ರಲ್ಲಿ ಚಾಂಪಿಯನ್ ಆಯಿತು. ರಾಜ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಸ್ಯಾಂಡೋವರ್ ಪದಕ ಫಾರ್ಮರ್‌ಗೆ 1956 ಮತ್ತು 1960ರಲ್ಲಿ ಬಂತು. 1957ರಲ್ಲಿ ಓಟು ಸಮಸಮ ಬಂದರೂ ಹಳೇ ನಿಯಮದ ಪ್ರಕಾರ ಪದಕ ಇನ್ನೊಬ್ಬರಿಗೆ ಹೋಯಿತು, ನಾಲ್ಕು ದಶಕ ಕಳೆದು 1997ರಲ್ಲಿ ಇವರಿಗೂ ಕೊಟ್ಟರು. ಸರಿಯಾಗಿ ಕೊಟ್ಟರಲ್ಲ, ಅಷ್ಟೇ ಸಾಕು.

ಪದಕದ ವಿಷಯ ಬಿಡಿ, ಅವರು ಆಡುತ್ತಿದ್ದ ರೀತಿ ನೋಡಬೇಕು. ಮಿಕ್ಕ ರಕ್‌ಮನ್‌ಗಳು ಚೆಂಡು ಮೇಲೇರಿ ಇಳಿಯುವುದನ್ನು ಕಾದು ಹಾರುತ್ತಿದ್ದರು. ಇವರು ಒಂದು ಕ್ಷಣ ಮೊದಲೇ ಹಾರುತ್ತಿದ್ದರು. ಎದುರಾಳಿ ಇನ್ನೂ ನೆಲದಲ್ಲಿರುವಾಗಲೇ ಅವನ ಮೈಮೇಲೆ ಆಸರೆ ಮಾಡಿಕೊಂಡು ಇನ್ನಷ್ಟು ಮೇಲೆ ಹೋಗುತ್ತಿದ್ದರು. ಎತ್ತರ ಕಡಿಮೆ ಇದ್ದವನು ಸಮಯದ ಲೆಕ್ಕ ಹಾಕಿ ಗೆಲ್ಲುವ ವಿದ್ಯೆ ಇದು. ಮೇಲೆ ಹೋದಮೇಲೂ ಚೆಂಡನ್ನು ಸುಮ್ನೆ ಮುಂದಕ್ಕೆ ಬಡಿಯುತ್ತಿರಲಿಲ್ಲ, ರೋವರ್ ಎಲ್ಲಿ ಓಡುತ್ತಿದ್ದಾನೋ ಅಲ್ಲಿಗೇ ಇಳಿಸುತ್ತಿದ್ದರು, ಇಲ್ಲಾಂದ್ರೆ ತಾವೇ ಒಂದೇ ಕೈಯಲ್ಲಿ ಹಿಡಿದುಬಿಡುತ್ತಿದ್ದರು.

ಇನ್ನು ಹ್ಯಾಂಡ್‌ಬಾಲ್. ಈ ಆಟದಲ್ಲಿ ಚೆಂಡನ್ನು ಎಸೆಯುವ ಹಾಗಿಲ್ಲ. ಒಂದು ಅಂಗೈಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಪಾಸ್ ಮಾಡಬೇಕು, ಹೆಚ್ಚುಕಡಿಮೆ ವಾಲಿಬಾಲ್‌ನ ಅಂಡರ್‌ಆರ್ಮ್ ಸರ್ವ್ ಥರ. ಆ ಕಾಲದಲ್ಲಿ ಇದು ಸೋತವನ ದಾರಿ. ಸುತ್ತ ಜನ ಮುತ್ತಿಕೊಂಡಾಗ, ಒದೆಯೋಕೆ ಜಾಗ ಇಲ್ಲದಾಗ, ಬೇರೆ ಗತಿ ಇಲ್ಲ ಅಂತ ಪಕ್ಕದವನಿಗೆ ದಾಟಿಸೋದು. ಫಾರ್ಮರ್ ಇದನ್ನು ತಿರುಗಿಸಿ ಹಾಕಿದರು. ಗುಂಪಿನ ಮಧ್ಯೆ ಚೆಂಡು ಹಿಡಿದು, ದೂರದಲ್ಲಿ ಓಡಿ ಹೋಗುತ್ತಿರುವ ತನ್ನವನಿಗೆ, ಅವನ ಓಟ ನಿಲ್ಲದ ಹಾಗೆ, ಅವನ ಮುಂದಕ್ಕೇ ಗುದ್ದುತ್ತಿದ್ದರು. ಮುತ್ತಿಕೊಂಡ ನಾಲ್ಕೈದು ಜನ ಹಿಂದೆಯೇ ಉಳಿದುಬಿಡುತ್ತಿದ್ದರು. ಅಲ್ಲಿಯವರೆಗೆ ಜೀವ ಉಳಿಸಿಕೊಳ್ಳಲು ಬಳಸುತ್ತಿದ್ದ ಪಾಸು ಅಲ್ಲಿಂದ ಮುಂದೆ ದಾಳಿಯ ಆಯುಧ ಆಯಿತು. ಇದಕ್ಕೆ ಅವರು ಮಾಡಿದ ಅಭ್ಯಾಸದ ಕಥೆ ಫೂಟಿ ನೋಡುವ ಎಲ್ಲರ ಬಾಯಲ್ಲೂ ಇದೆ: ಮಾರಾಟಕ್ಕೆ ನಿಲ್ಲಿಸಿದ ಕಾರುಗಳ ಅರ್ಧ ಇಳಿಸಿದ ಕಿಟಕಿಯೊಳಗೆ ಚೆಂಡು ತೂರಿಸೋದು. ತಪ್ಪಿದರೆ ಗಾಜು! ರಕ್ತದಲ್ಲಿ ಬಂದಿದ್ದರೆ ಕಿಟಕಿ ಯಾಕೆ ಬೇಕಿತ್ತು ಹೇಳಿ.

1962ರಲ್ಲಿ ವಿಕ್ಟೋರಿಯಾದ ಜೀಲಾಂಗ್ ಕ್ಲಬ್ ಕರೆಸಿಕೊಂಡಿತು. ಆಗ ವಯಸ್ಸು 27. ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಆ ಸೀಸನ್ ಹೆಚ್ಚುಕಡಿಮೆ ಹಾಳಾಯಿತು. ಪಶ್ಚಿಮದಿಂದ ದುಬಾರಿ ಮುರುಕಲು ಸಾಮಾನು ತಂದಿದ್ದಾರೆ ಅಂತ ಯಾರಾದರೂ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ಮರುವರ್ಷ ಬಾಬ್ ಡೇವಿಸ್ ಕೋಚ್ ಆಗಿದ್ದ ಅದೇ ಜೀಲಾಂಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ತಂಡವನ್ನು 49 ಪಾಯಿಂಟ್‌ಗಳಿಂದ ಸೋಲಿಸಿತು. ಫಾರ್ಮರ್ ಮೇಲೆ, ರೋವರ್ ಬಿಲ್ಲಿ ಗಾಗಿನ್ ಕೆಳಗೆ. ಈ ಜೋಡಿ ನೋಡಿದವರು ಇವತ್ತಿಗೂ ಬೇರೆ ಜೋಡಿಯನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. 1963 ಮತ್ತು 64, ಎರಡೂ ವರ್ಷ ಕ್ಲಬ್ಬಿನ ಶ್ರೇಷ್ಠ ಆಟಗಾರ ಇವರೇ.

ಇವರು ಹಾಕಿಕೊಟ್ಟ ದಾರಿ ಎಷ್ಟು ದೂರ ಹೋಯಿತು ಅನ್ನೋದಕ್ಕೆ ಎಲ್ಲರೂ 1970ರ ಗ್ರ್ಯಾಂಡ್ ಫೈನಲ್ ಕಡೆ ಬೊಟ್ಟು ಮಾಡುತ್ತಾರೆ. ಅರ್ಧ ಆಟಕ್ಕೆ 44 ಪಾಯಿಂಟ್ ಹಿಂದಿದ್ದ ಕಾರ್ಲ್ಟನ್ ಆಟಗಾರರಿಗೆ ಕೋಚ್ ರಾನ್ ಬರಾಸಿ ಹ್ಯಾಂಡ್‌ಬಾಲ್ ಮಾಡಿ, ಓಡಿ, ಮತ್ತೆ ಹ್ಯಾಂಡ್‌ಬಾಲ್ ಮಾಡಿ ಅಂದರು, ತಂಡ ಕಾಲಿಂಗ್‌ವುಡ್ ವಿರುದ್ಧ 10 ಪಾಯಿಂಟ್‌ನಿಂದ ಗೆದ್ದಿತು. ಆಧುನಿಕ ಫೂಟಿ ಹುಟ್ಟಿದ್ದೇ ಅವತ್ತು ಅನ್ನುವವರಿದ್ದಾರೆ. ಇರಲಿ, ಆದರೆ ಅದಕ್ಕೆ ಹತ್ತು ವರ್ಷ ಮೊದಲೇ ಒಬ್ಬ ಮನುಷ್ಯ ಒಬ್ಬನೇ ಅದನ್ನು ಆಡುತ್ತಿದ್ದನಲ್ಲ, ಆ ಮಾತನ್ನೂ ಸೇರಿಸಿ ಹೇಳಿ.

1967ರ ಬಗ್ಗೆ ಒಂದು ಮಾತು. ಆ ವರ್ಷದ ಮೇ 27ರಂದು ಇಡೀ ದೇಶ ಓಟು ಹಾಕಿ, ಮೂಲನಿವಾಸಿಗಳನ್ನು ಜನಗಣತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಸಂವಿಧಾನ ಬದಲಾಯಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮುಂದೆ ಗ್ರ್ಯಾಂಡ್ ಫೈನಲ್‌ಗೆ ಜೀಲಾಂಗ್ ತಂಡವನ್ನು ಕರೆದುಕೊಂಡು ಬಂದ ನಾಯಕ ಗ್ರಹಾಂ ಫಾರ್ಮರ್. ರಿಚ್ಮಂಡ್ ವಿರುದ್ಧ 9 ಪಾಯಿಂಟ್‌ನಿಂದ ಸೋತರು. ಜೀಲಾಂಗ್‌ಗೆ ಅದೇ ಅವರ ಕೊನೆಯ ಪಂದ್ಯ.

ಆಮೇಲೆ ಪರ್ತ್‌ಗೆ ವಾಪಸ್. ವೆಸ್ಟ್ ಪರ್ತ್‌ಗೆ ನಾಯಕನೂ ಕೋಚೂ ಆಗಿ 1969, 1971ರಲ್ಲಿ ಎರಡು ಚಾಂಪಿಯನ್‌ಶಿಪ್, ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ತನ್ನ ಹಳೇ ಈಸ್ಟ್ ಪರ್ತ್! ಮೂರು ಕ್ಲಬ್ ಸೇರಿ 356 ಪಂದ್ಯ. ಜೀಲಾಂಗ್‌ಗೆ ಕೋಚ್ ಆಗಿ ಹೋದದ್ದು ಅಷ್ಟೇನೂ ಕೈಹಿಡಿಯಲಿಲ್ಲ. ಆದರೆ 1977ರಲ್ಲಿ, ಆಟಗಾರ ಈಗ ಎಲ್ಲೇ ಆಡುತ್ತಿರಲಿ ತನ್ನ ಮೂಲ ರಾಜ್ಯಕ್ಕೆ ಆಡಬಹುದು ಅನ್ನುವ ಮೊದಲ ಸ್ಟೇಟ್ ಆಫ್ ಆರಿಜಿನ್ ಪಂದ್ಯ ನಡೆಯಿತಲ್ಲ, ಅದರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೋಚ್ ಇವರೇ. ವರ್ಷಗಟ್ಟಲೆ ನಮ್ಮ ಹುಡುಗರನ್ನು ದುಡ್ಡು ಕೊಟ್ಟು ಕರೆದೊಯ್ದು ಅವರಿಂದಲೇ ನಮ್ಮನ್ನು ಸೋಲಿಸುತ್ತಿದ್ದ ವಿಕ್ಟೋರಿಯಾ ಪರ್ತ್‌ನ ಸುಬಿಯಾಕೊ ಮೈದಾನದಲ್ಲಿ 94 ಪಾಯಿಂಟ್‌ನಿಂದ ಸೋತಿತು. (‘ನಮ್ಮ’ ಅಂದುಬಿಟ್ಟೆ ನೋಡಿ. ಇಲ್ಲಿಗೆ ಬಂದು ನೆಲೆಸಿದವರಿಗೂ ಈ ಹಳೇ ಜಗಳ ಬೇಗ ಅಂಟಿಕೊಳ್ಳುತ್ತದೆ.)

1996ರಲ್ಲಿ ದೇಶದ ದೊಡ್ಡ ಫೂಟಿ ಲೀಗ್ ಎಎಫ್‌ಎಲ್ ಶತಮಾನದ ತಂಡ ಆರಿಸಿದಾಗ ರಕ್‌ಮನ್ ಜಾಗ ಇವರಿಗೆ ಹೋಯಿತು. 2005ರಲ್ಲಿ ಮೂಲನಿವಾಸಿಗಳ ಶತಮಾನದ ತಂಡ ಆರಿಸಿದಾಗ ನಾಯಕ ಇವರೇ. ನಿಕ್ ನೈಟಾನುಯಿ ಇನ್ನೂ ಎತ್ತರ ಹಾರುತ್ತಿದ್ದ, ಮ್ಯಾಕ್ಸ್ ಗಾನ್ ಇನ್ನೂ ಉದ್ದ ಅಂತ ಹುಡುಗರು ವಾದ ಮಾಡುತ್ತಾರೆ. ಹೌದಪ್ಪಾ, ಹಾರಲಿ. ಅವರ್ಯಾರೂ ಆಟವನ್ನು ಬೇರೆ ಥರ ಆಡಬಹುದು ಅಂತ ಯೋಚಿಸಿ ತೋರಿಸಿದವರಲ್ಲ.

2019ರ ಆಗಸ್ಟ್ 14ರಂದು, 84ನೇ ವಯಸ್ಸಿನಲ್ಲಿ ಫಾರ್ಮರ್ ತೀರಿಕೊಂಡರು. ಮನೆಯವರು ಅವರ ಮಿದುಳನ್ನು ಪರೀಕ್ಷೆಗೆ ಕೊಟ್ಟರು. ಸಿಡ್ನಿಯಲ್ಲಿ ಮೈಕೆಲ್ ಬಕ್‌ಲ್ಯಾಂಡ್ ಅವರ ತಂಡ ಪರೀಕ್ಷಿಸಿದಾಗ ಅದರಲ್ಲಿ ಸಿಟಿಇ ಕಂಡಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ವರ್ಷಗಳ ಮೇಲೆ ಮಿದುಳು ಸವೆಯುವ ಕಾಯಿಲೆ ಅದು. ಬದುಕಿರುವಾಗ ಖಚಿತವಾಗಿ ಪತ್ತೆ ಮಾಡಲು ಆಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂತು, ಎಎಫ್‌ಎಲ್ ಮಟ್ಟದ ಆಟಗಾರರಲ್ಲಿ ಈ ಕಾಯಿಲೆ ಪತ್ತೆಯಾದವರಲ್ಲಿ ಇವರೇ ಮೊದಲಿಗರು. ಆಮೇಲೆ ಡ್ಯಾನಿ ಫ್ರಾಲಿ. ಆಮೇಲೆ 38ಕ್ಕೇ ಹೋದ ಶೇನ್ ಟಕ್. ಆಮೇಲೆ ಹೆಣ್ಣುಮಕ್ಕಳ ಲೀಗ್‌ನಲ್ಲಿ ಆಡಿದ್ದ ಹೆದರ್ ಆಂಡರ್ಸನ್, ಬರೀ 28 ವರ್ಷ.

ನನಗೆ ಸಿಟ್ಟು ಬರೋದು ಇಲ್ಲೇ. ಐದು ದಶಕ ಇವರ ನೆಗೆತ, ಕಾಲು, ತೋಳು ಅಂತ ಹೊಗಳಿದ ಈ ಆಟ ಇವರ ತಲೆಗೆ ಎಷ್ಟು ಪೆಟ್ಟು ಬಿತ್ತು ಅಂತ ಲೆಕ್ಕ ಇಟ್ಟಿರಲಿಲ್ಲ. ಎದುರಾಳಿಯ ಮೈಮೇಲೆ ಹಾರುವುದು, ಮೊಣಕೈ, ನೆಲಕ್ಕೆ ಬೀಳುವುದು, ಎದ್ದು ಮತ್ತೆ ಹಾರುವುದು. ರಕ್‌ಮನ್ ಕೆಲಸವೇ ಅದು. ಈಗ ತಲೆಗೆ ಪೆಟ್ಟಾಗಿ ಮಂಕು ಕವಿದವನು ಕನಿಷ್ಠ 12 ದಿನ ಆಡುವ ಹಾಗಿಲ್ಲ ಅಂತ 2021ರಲ್ಲಿ ನಿಯಮ ಬಂದಿದೆ. ಅದಕ್ಕೂ ಗೊಣಗುವವರಿದ್ದಾರೆ. ಆಟ ಮೆತ್ತಗಾಯಿತು, ಪಾಲಿ ಫಾರ್ಮರ್ ಕಾಲದಲ್ಲಿ ಹೀಗಿರಲಿಲ್ಲ ಅಂತ ಅವರ ಹೆಸರನ್ನೇ ಮುಂದೆ ತಂದು ನಿಲ್ಲಿಸುತ್ತಾರೆ. ಆ ಕಾಲದಲ್ಲಿ ಹೇಗಿತ್ತು ಅಂತ ಸಿಡ್ನಿಯ ಆ ವರದಿಯಲ್ಲಿದೆ, ಗೊಣಗುವ ಮೊದಲು ಹೋಗಿ ಓದಲಿ.